ಕೆಲಸ ನಿಂತದ್ದು ಯಾವ ದಿನ? ಗಂಗಾವಳಿ ದಂಡೆಯ ಒಂದು ಕೇರಿ, ನೆರೆ ಇಳಿದ ಮೇಲಿನ ಎರಡು ವರ್ಷ

ಅಂಕೋಲಾ ತಾಲೂಕಿನಲ್ಲಿ ಗಂಗಾವಳಿ ಹೊಳೆಯ ಕೆಳದಂಡೆಗೆ ಅಂಟಿಕೊಂಡ 31 ಮನೆಗಳ ಒಂದು ಕೇರಿಯ ಪ್ರಕರಣ ಇದು. ಊರು, ಮನೆತನ, ಸಮಿತಿಯವರ ಗುರುತು ಬಿಟ್ಟಿದೆ. ಮನೆಗಳನ್ನು ಅಂಕಿಯಿಂದ ಕರೆದಿದೆ. ಗುರುತು ಹತ್ತಬಾರದೆಂದು ಕೆಲವು ಸಣ್ಣ ವಿವರಗಳನ್ನು ಬದಲಿಸಿದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು, ಹೊಳೆ ನೀರು ಎದುರು ದಂಡೆಯ ಉಳುವರೆ ಎಂಬ ಊರಿಗೆ ನುಗ್ಗಿ ಮನೆಗಳನ್ನು ಕೆಡವಿದ ಮೇಲೆ, ಮನೆ ಮರಳಿ ಕಟ್ಟುವವರ ಜೊತೆ ನಿಲ್ಲುವುದು ಹೇಗೆ ಎಂಬ ಪ್ರಶ್ನೆ ಈ ಭಾಗದಲ್ಲಿ ಮತ್ತೆ ಎದ್ದಿದೆ. ಅಲ್ಲಿಯ ದುಃಖ ಬೇರೆ, ಅದರ ಅಳತೆಯೂ ಬೇರೆ. ಆದರೆ ಎರಡನೇ ವರ್ಷಕ್ಕೆ ಬರುವ ತೊಡಕುಗಳು ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತವೆ. ಅಂಥ ಕೆಲಸಕ್ಕೆ ಇಳಿದವರ ಕೈಗೆ ಸಿಗಲಿ ಎಂದು ಇದನ್ನು ಬರೆದಿದೆ.

ಹಿನ್ನೆಲೆ

ಗಂಗಾವಳಿಗೆ ಕಾಳಿಯಂತೆ ದೊಡ್ಡ ಅಣೆಕಟ್ಟುಗಳಿಲ್ಲ. ಕಾಳಿಯ ಕದ್ರಾ ಅಣೆಕಟ್ಟಿನಲ್ಲಿ ಗೇಟು ತೆಗೆಯುವ ಮೊದಲು ಕೆಳಗಿನ ಊರಿಗೆ ಸೂಚನೆ ಹೋಗುತ್ತದೆ. ಇಲ್ಲಿ ಹಾಗಿಲ್ಲ. ಧಾರವಾಡ, ಕಲಘಟಗಿ ಕಡೆ ಬೇಡ್ತಿಗೆ (ಮೇಲ್ಭಾಗದಲ್ಲಿ ಇದೇ ಹೊಳೆಯ ಹೆಸರು) ಬಿದ್ದ ಮಳೆ, ಯಲ್ಲಾಪುರ ಘಟ್ಟದ ಮಳೆ ಎರಡೂ ಕೂಡಿ ಇಳಿದು ಬರುತ್ತವೆ. ಆ ಹೊತ್ತಿಗೆ ಸಮುದ್ರದಲ್ಲಿ ಉಬ್ಬರವಿದ್ದರೆ ನೀರಿಗೆ ಮುಂದೆ ದಾರಿಯಿಲ್ಲ, ಗದ್ದೆಗೂ ಕೇರಿಗೂ ತಿರುಗುತ್ತದೆ.

2019ರ ಆಗಸ್ಟ್ ನೆರೆಯಲ್ಲಿ 26 ಮನೆಗಳಿಗೆ ನೀರು ಹೊಕ್ಕಿತು. ಹೊಳೆ ಪಕ್ಕದ ಸಾಲಿನಲ್ಲಿ ಅಂಗಳದಿಂದ ನಾಲ್ಕು ಅಡಿ ಎತ್ತರಕ್ಕೆ ಎರಡು ದಿನ ನಿಂತಿತ್ತು. ಬಹುತೇಕ ಮನೆಗಳು ಮಣ್ಣಿನ ಗಿಲಾಯಿ ಮೆತ್ತಿದವು, ಚಿರೆಕಲ್ಲನ್ನು (ಜಂಬಿಟ್ಟಿಗೆ ಕಲ್ಲು) ಮಣ್ಣಿನಲ್ಲೇ ಕೂಡಿಸಿ ಹೆಂಚು ಹೊದೆಸಿದವು. ಇಂಥ ಗೋಡೆ ನೀರು ನಿಂತಾಗ ಬೀಳುವುದಕ್ಕಿಂತ ಹೆಚ್ಚಾಗಿ, ನೀರು ಇಳಿಯುವಾಗ ಬೀಳುತ್ತದೆ. ಬುಡದ ಮಣ್ಣು ನೀರಿನ ಜೊತೆ ಜಾರಿ ಹೋಗುತ್ತದೆ, ಮೇಲಿನ ಹೆಂಚು ಜಂತಿಯ ಭಾರ ಹಾಗೇ ಉಳಿಯುತ್ತದೆ.

ಸರ್ಕಾರ ಆ ವರ್ಷ ಹಾನಿಯನ್ನು ವರ್ಗ ಮಾಡಿತು. ಮುಕ್ಕಾಲು ಪಾಲಿಗಿಂತ ಹೆಚ್ಚು ಹೋದದ್ದು 'ಎ', ಅದಕ್ಕೆ 5 ಲಕ್ಷ. ಸಣ್ಣ ಹಾನಿಯ 'ಸಿ'ಗೆ 50 ಸಾವಿರ. ಎ ವರ್ಗದವರಿಗೆ ಮೊದಲ 1 ಲಕ್ಷ ಕೆಲಸ ಸುರು ಮಾಡಲು ಸಿಕ್ಕಿತು. ಉಳಿದದ್ದು ತಳಪಾಯ, ಲಿಂಟಲ್ (ಬಾಗಿಲು ಕಿಟಕಿಯ ಮೇಲಿನ ಕಾಂಕ್ರೀಟ್ ಪಟ್ಟಿ), ಛಾವಣಿ ಎಂದು ಹಂತ ಹಂತವಾಗಿ, ಪ್ರತಿ ಹಂತದ ಫೋಟೋ ದಾಖಲಾದ ಮೇಲೆ ಖಾತೆಗೆ ಬರಬೇಕು.

ತೊಡಕು

2020ರ ನವೆಂಬರಿನಲ್ಲಿ ಕೇರಿಯನ್ನು ನೋಡಿದರೆ 15 ಮನೆಗಳು ಹೇಗೋ ಎದ್ದಿದ್ದವು. ಉಳಿದ 11 ಮನೆಯವರು ಇನ್ನೂ ಟಾರ್ಪಾಲು, ಕೊಟ್ಟಿಗೆ, ನೆಂಟರ ಮನೆ ಎಂದು ದಿನ ತೆಗೆಯುತ್ತಿದ್ದರು. ನೆರೆಯ ವಾರದಲ್ಲಿ ಬಂದ ಅಕ್ಕಿ, ಕಂಬಳಿ, ಪಾತ್ರೆಯ ಲಾರಿಗಳು ಮುಗಿದು ವರ್ಷವಾಗಿತ್ತು. ನಡುವೆ 2020ರ ಮಾರ್ಚ್ ಕೊನೆಯ ಲಾಕ್‌ಡೌನ್ ಬಂತು. ಕರಾವಳಿಯಲ್ಲಿ ಗೋಡೆ ಎಬ್ಬಿಸುವ ಒಳ್ಳೆಯ ತಿಂಗಳುಗಳೇ ಏಪ್ರಿಲ್, ಮೇ. ಅವು ಹಾಗೇ ಹೋದವು.

"ದುಡ್ಡು ಬಂದರೂ ಕಟ್ಟಿಕೊಳ್ಳಲಿಲ್ಲ" ಎಂಬ ಮಾತು ಕೇರಿಯಲ್ಲೇ ಓಡಾಡುತ್ತಿತ್ತು. ಆ ಮಾತು ಸುಳ್ಳಾಗಿತ್ತು, ಆದರೆ ಅದನ್ನು ಅಲ್ಲಗಳೆಯಲು ಯಾರ ಬಳಿಯೂ ಲೆಕ್ಕವಿರಲಿಲ್ಲ.

ಮೊದಲ ಪ್ರಯತ್ನ ಮತ್ತು ಅದು ಸೋತ ಬಗೆ

ಕೇರಿಯವರು ಸುಮ್ಮನೆ ಕುಳಿತಿರಲಿಲ್ಲ. 2019ರ ದೀಪಾವಳಿಯ ಹೊತ್ತಿಗೆ ಮುಂಬೈ, ಗೋವೆಯಲ್ಲಿರುವ ಊರವರಿಂದ ಹಣ ಕೂಡಿಸಿ ಎಲ್ಲ 31 ಮನೆಗೂ ಸಮನಾಗಿ ಆರು ತಗಡು, ನಾಲ್ಕು ಚೀಲ ಸಿಮೆಂಟು ಹಂಚಿದ್ದರು. ತಕರಾರು ಬರಬಾರದು ಎಂಬ ಒಂದೇ ಕಾರಣಕ್ಕೆ ಸಮನಾಗಿ ಹಂಚಿದ್ದು. ತಗಡು ಕೊಟ್ಟಿಗೆಗೆ, ಕಟ್ಟಿಗೆ ರಾಶಿಯ ಮೇಲಕ್ಕೆ ಹೋಯಿತು. ಸಿಮೆಂಟು ಬಂದಾಗ ಯಾರ ಮನೆಯಲ್ಲೂ ಕಲ್ಲು, ಉಸುಕು, ಗವಂಡಿ (ಗೋಡೆ ಕಟ್ಟುವ ಮೇಸ್ತ್ರಿ) ತಯಾರಿರಲಿಲ್ಲ. ಕರಾವಳಿಯ ತೇವದ ಗಾಳಿಯಲ್ಲಿ ಸಿಮೆಂಟು ಮೂರು ತಿಂಗಳಿಗೆ ತನ್ನ ಶಕ್ತಿಯ ಐದನೇ ಒಂದು ಪಾಲನ್ನಾದರೂ ಕಳೆದುಕೊಳ್ಳುತ್ತದೆ. ನೆಲಕ್ಕೆ ತಾಗಿಸಿ ಇಟ್ಟರೆ ಇನ್ನೂ ಬೇಗ. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ 40ಕ್ಕೂ ಹೆಚ್ಚು ಚೀಲ ಕಲ್ಲಾಗಿ ಕೂತಿದ್ದವು. ಅವನ್ನು ಇವತ್ತಿಗೂ ಬಚ್ಚಲ ಹಿಂದಿನ ಮೆಟ್ಟಿಲುಗಳಾಗಿ ಕಾಣಬಹುದು.

ನೋಟ್‌ಬುಕ್ಕು

ಎರಡನೇ ಪ್ರಯತ್ನಕ್ಕೆ ಏಳು ಜನರ ಸಮಿತಿ ಆಯಿತು. ನಿವೃತ್ತ ಮಾಸ್ತರು ಒಬ್ಬರು, ಅಂಗನವಾಡಿಯ ಅಕ್ಕೋರು, ಸ್ವಸಹಾಯ ಸಂಘದ ಇಬ್ಬರು ಹೆಂಗಸರು, ಒಬ್ಬ ಗವಂಡಿ, ಒಬ್ಬ ಟೆಂಪೋ ಚಾಲಕ, ಸೇವಾ ಸಹಕಾರಿ ಸಂಘದಲ್ಲಿ ಲೆಕ್ಕ ಬರೆದ ಅನುಭವವಿದ್ದ ಯುವಕ. ಗವಂಡಿಯನ್ನು ಸೇರಿಸಿಕೊಂಡದ್ದು ದೊಡ್ಡ ಲಾಭವಾಯಿತು. ಇಂಥ ಸಮಿತಿಗಳಲ್ಲಿ ಸಾಮಾನ್ಯವಾಗಿ ಮಾತು ಬಲ್ಲವರು ತುಂಬಿರುತ್ತಾರೆ, ಅಳತೆ ಬಲ್ಲವರು ಇರುವುದಿಲ್ಲ.

ಮೊದಲ ಸುತ್ತಿನಲ್ಲಿ ಸಮಿತಿ "ನಿಮಗೆ ಏನು ಬೇಕು?" ಎಂದು ಕೇಳಿತು. ಹನ್ನೊಂದೂ ಮನೆಗಳಲ್ಲಿ ಒಂದೇ ಉತ್ತರ, ದುಡ್ಡು. ಆ ಉತ್ತರ ಹಿಡಿದು ಮುಂದೆ ಹೋಗಲು ಆಗಲಿಲ್ಲ. ಎರಡನೇ ಸುತ್ತಿನಲ್ಲಿ ಅಕ್ಕೋರು ಪ್ರಶ್ನೆ ಬದಲಿಸಿದರು: "ಕೆಲಸ ನಿಂತದ್ದು ಯಾವ ದಿನ? ಅವತ್ತು ಮಾರನೇ ದಿನ ಏನು ಮಾಡುವುದಿತ್ತು?" ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ದಿನ ಕೇಳಿದಾಗ ಜನ ನೆನಪಿಸಿಕೊಂಡು ಹೇಳುತ್ತಾರೆ, ಹೇಳುತ್ತಾ ಹೇಳುತ್ತಾ ಕಾರಣ ತಾನೇ ಹೊರಬೀಳುತ್ತದೆ. 200 ಪುಟದ ಒಂದು ನೋಟ್‌ಬುಕ್ಕಿನಲ್ಲಿ ಮನೆಗೆ ಎರಡು ಪುಟ: ಎಡಕ್ಕೆ ಆದದ್ದು, ಬಲಕ್ಕೆ ಮುಂದಿನ ಒಂದೇ ಒಂದು ಕೆಲಸ, ಅದನ್ನು ಮಾಡುವವರ ಹೆಸರು, ತಾರೀಕು. ಎರಡು ಕೆಲಸ ಬರೆಯುವ ಹಾಗಿಲ್ಲ ಎಂದು ನಿಯಮ ಮಾಡಿಕೊಂಡರು.

ಹೀಗೆ ನೋಡಿದಾಗ 11 ಮನೆಗಳು ಐದು ಬೇರೆ ಗಂಟುಗಳಲ್ಲಿ ಸಿಕ್ಕಿದ್ದವು. ನಾಲ್ಕು ಮನೆ ತಳಪಾಯದಲ್ಲಿ, ಮೂರು ಕಾಗದದಲ್ಲಿ, ಎರಡು 'ಸಿ' ವರ್ಗ ಎಂದು ಬರೆಸಿಕೊಂಡು ಆಮೇಲೆ ಬಿದ್ದವು, ಒಂದು ಹೊಳೆ ದಂಡೆಯ ಸರ್ಕಾರಿ ಜಾಗದಲ್ಲಿ, ಇನ್ನೊಂದು ಒಂಟಿ ಹೆಂಗಸಿನದು.

ತಳಪಾಯದ ನಾಲ್ಕು ಮನೆ

ಈ ನಾಲ್ವರೂ ಒಂದೇ ತಪ್ಪು ಮಾಡಿದ್ದರು, ಮತ್ತು ಅದು ಭಯದಿಂದ ಆದ ತಪ್ಪು. ನೀರು ನಾಲ್ಕು ಅಡಿ ಬಂದಿತ್ತೆಂದು ತಳಪಾಯವನ್ನು ನಾಲ್ಕೂವರೆ ಅಡಿ ಎತ್ತರಿಸಲು ಹೊರಟಿದ್ದರು. 20×24 ಅಡಿಯ ಮನೆಗೆ ಒಳಗಿನ ಜಾಗ ಸುಮಾರು 400 ಚದರ ಅಡಿ. ನಾಲ್ಕೂವರೆ ಅಡಿ ತುಂಬಲು ದಮ್ಮಸ್ಸು ಮಾಡಿದ (ಬಡಿದು ಗಟ್ಟಿ ಮಾಡಿದ) ಲೆಕ್ಕದಲ್ಲಿ 1800 ಘನ ಅಡಿ, ಅಂದರೆ 18 ಬ್ರಾಸ್ ಮಣ್ಣು ಬೇಕು. ಸಡಿಲ ಮಣ್ಣಾಗಿ ತರಿಸುವಾಗ 22 ಬ್ರಾಸ್. ಟಿಪ್ಪರ್ ಕೇರಿಯ ಓಣಿಗೆ ಬಾರದು, ಕೊನೆಯ ನೂರು ಮೀಟರ್ ತಲೆಹೊರೆ. ಸುತ್ತಲಿನ ಕಲ್ಲು ಕಟ್ಟುವಷ್ಟರಲ್ಲೇ 1 ಲಕ್ಷ ಮುಗಿಯಿತು. ಒಳಗೆ ಮಣ್ಣು ತುಂಬದ ತಳಪಾಯದ ಫೋಟೋ 'ಪೂರ್ಣ' ಎಂದು ದಾಖಲಾಗದು. ಫೋಟೋ ಇಲ್ಲದೆ ಮುಂದಿನ ಕಂತಿಲ್ಲ, ಕಂತಿಲ್ಲದೆ ಮಣ್ಣಿಲ್ಲ.

ಗವಂಡಿ ಹೇಳಿದ್ದು ಹೀಗೆ: ಮೇಲಿನ ಎರಡು ವರಸೆ ಕಲ್ಲು ಬಿಚ್ಚಿ ಮೂರು ಅಡಿಗೆ ಇಳಿಸಿ, ಬಿಚ್ಚಿದ ಕಲ್ಲನ್ನು ಗೋಡೆಗೆ ಬಳಸಿ. ಮೂರು ಅಡಿಗಾದರೆ ಸಡಿಲ ಮಣ್ಣು 15 ಬ್ರಾಸ್ ಸಾಕು. ಉಳಿದ ಹಣವನ್ನು ಗೋಡೆಯ ಗಟ್ಟಿತನಕ್ಕೆ ಹಾಕಿ. ನೀರು ಮತ್ತೆ ಬಂದರೆ ಒಳಗೆ ಅಡಿಯಷ್ಟು ಬರಬಹುದು, ಆದರೆ ಮನೆ ಬೀಳುವುದಿಲ್ಲ.

ಕಟ್ಟಿದ್ದನ್ನು ಬಿಚ್ಚಿ ಎನ್ನುವುದು ಸುಲಭದ ಮಾತಲ್ಲ. ಇಬ್ಬರು ಒಪ್ಪಿದರು. ಮನೆ 4ರ ಯಜಮಾನ ಒಂದು ತಿಂಗಳು ಸಮಿತಿಯವರ ಜೊತೆ ಮಾತು ಬಿಟ್ಟರು. ಅವರನ್ನು ಒಪ್ಪಿಸಿದ್ದು ವಾದವಲ್ಲ, ಪಕ್ಕದ ಮನೆಗೆ ಬಂದ ಎರಡನೇ ಕಂತು. ನಾಲ್ಕನೆಯವರು ಕೊನೆಗೂ ಬಿಚ್ಚಲಿಲ್ಲ. ದುಬಾರಿ ಮಣ್ಣಿನ ಬದಲು ಗದ್ದೆಯಲ್ಲಿ ನೆರೆ ತಂದು ಹಾಕಿದ್ದ ಗೋಡು ಮಣ್ಣನ್ನೇ ತುಂಬಿದರು. ಗೋಡು ನೀರು ಹಿಡಿದಾಗ ಉಬ್ಬಿ ಒಣಗಿದಾಗ ಕುಗ್ಗುತ್ತದೆ. ಒಂದೇ ವರ್ಷದಲ್ಲಿ ಅವರ ಅಡುಗೆಕೋಣೆಯ ನೆಲ ಎರಡು ಇಂಚು ಕೂತು, ಗೋಡೆಯ ಬುಡದಲ್ಲಿ ಬಿರುಕು ಬಿಟ್ಟಿತು. ತುಂಬಲು ಬೇಕಾದದ್ದು ಗುಡ್ಡದ ಗರಸು ಬೆರೆತ ಕೆಮ್ಮಣ್ಣು. ಅರ್ಧ ಅಡಿಗೊಂದು ಪದರ ಹಾಕಿ, ನೀರು ಹೊಡೆದು, ದಮ್ಮಸ್ಸು ಮಾಡಿ, ಆಮೇಲೆ ಮುಂದಿನ ಪದರ. ಒಂದೇ ಸಲಕ್ಕೆ ಸುರಿದು ಮೇಲಿಂದ ಬಡಿದರೆ ಮೇಲಿನ ಅರ್ಧ ಅಡಿ ಮಾತ್ರ ಗಟ್ಟಿಯಾಗುತ್ತದೆ.

ಮಣ್ಣು ಹೊರಲು ಮುರಿಯಾಳು ಮಾಡಿದರು, ಅಂದರೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಮುಯ್ಯಿಗೆ ಆಳಾಗಿ ಬರುವುದು. ಗದ್ದೆ ನಾಟಿಗೆ ಇದ್ದ ಪದ್ಧತಿ ಮನೆ ಕೆಲಸಕ್ಕೂ ಹೊಂದಿತು. 15 ಬ್ರಾಸ್ ಎಂದರೆ ಅರ್ಧ ಘನ ಅಡಿಯ ಬುಟ್ಟಿಯಲ್ಲಿ 3000 ಬುಟ್ಟಿ. ದಿನಕ್ಕೆ 20 ಜನ, ತಲೆಗೆ 50 ಬುಟ್ಟಿಯಂತೆ ಮೂರು ದಿನಕ್ಕೆ ಒಂದು ಮನೆ ಮುಗಿಯಿತು. ಮಧ್ಯಾಹ್ನದ ಗಂಜಿ, ಒಣಮೀನು ಚಟ್ನಿ ಮನೆಯವರದು.

ಸುತ್ತು ನಿಧಿ, ಮತ್ತು ಎದ್ದ ತಕರಾರು

ಕಂತಿಗೂ ಕಂತಿಗೂ ನಡುವೆ ಕೆಲಸ ನಿಲ್ಲದಂತೆ 2 ಲಕ್ಷ 40 ಸಾವಿರದ ನಿಧಿ ಕೂಡಿಸಿದರು. ಒಂದು ಮನೆಗೆ ಹೆಚ್ಚೆಂದರೆ 60 ಸಾವಿರ, ಬಡ್ಡಿಯಿಲ್ಲ, ಮುಂದಿನ ಕಂತು ಖಾತೆಗೆ ಬಂದ ವಾರದೊಳಗೆ ಮರಳಿಸಬೇಕು. ಹಣ ಕೈಗಲ್ಲ, ಸಾಮಾನಿನ ರೂಪದಲ್ಲಿ. ತಳಪಾಯದಿಂದ ಲಿಂಟಲ್‌ವರೆಗೆ ಏಳಡಿ ಗೋಡೆಗೆ, ಬಾಗಿಲು ಕಿಟಕಿ ಕಳೆದು, ಈ ಅಳತೆಯ ಮನೆಗೆ 900ರಿಂದ 950 ಚಿರೆಕಲ್ಲು, ಒಂದು ಪಾಲು ಸಿಮೆಂಟಿಗೆ ಆರು ಪಾಲು ಉಸುಕಿನ ಗಾರೆಗೆ 16ರಿಂದ 18 ಚೀಲ ಸಿಮೆಂಟು, ಒಂದೂಕಾಲು ಬ್ರಾಸ್ ಉಸುಕು ಹಿಡಿಯಿತು. ಸಿಮೆಂಟನ್ನು ಒಂದು ವಾರದ ಕೆಲಸಕ್ಕೆ ಬೇಕಾದಷ್ಟೇ ತರಿಸುತ್ತಿದ್ದರು. ಅದು ಮೊದಲ ವರ್ಷ ಕಲ್ಲಾಗಿ ಹೋದ ಚೀಲಗಳು ಕಲಿಸಿದ ಪಾಠ. ಕಲ್ಲನ್ನು ಮಾತ್ರ ಮೊದಲೇ ತಂದು ಹೊರಗೆ ಇಟ್ಟರು. ಹೊಸದಾಗಿ ಕಡಿದ ಚಿರೆಕಲ್ಲು ಮೆತ್ತಗಿರುತ್ತದೆ, ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದೆ.

ಎಲ್ಲಕ್ಕಿಂತ ಕಷ್ಟದ ಸಂಜೆ ನಿಧಿ ಕೊಡಲು ಹೊರಟಾಗ ಬಂತು. ತಮ್ಮ ಬಲದಲ್ಲೇ ಕಟ್ಟಿಕೊಂಡಿದ್ದ 15 ಮನೆಗಳ ಪೈಕಿ ಒಬ್ಬ ಹೆಂಗಸು ದೇವಸ್ಥಾನದ ಅಂಗಳದಲ್ಲಿ ಎದ್ದು ನಿಂತು ಕೇಳಿದರು: "ನಾವು ಕೊರಳಿನದು ಅಡವಿಟ್ಟು ಕಟ್ಟಿದ್ದು ತಪ್ಪಾಯ್ತಾ ಮಾಸ್ತರೆ?" ಉತ್ತರ ಕೊಡಲು ಯಾರಿಂದಲೂ ಆಗಲಿಲ್ಲ. ಸಭೆ ಅಲ್ಲಿಗೇ ಮುಗಿಯಿತು.

ವಾರದ ನಂತರ ಸಮಿತಿ ಎರಡು ತೀರ್ಮಾನ ತಂದಿತು. ಸುತ್ತು ನಿಧಿ ದಾನವಲ್ಲ, ಅದು ಮರಳಿದ ಕೂಡಲೇ ಎರಡನೇ ಸುತ್ತು ಬಂಗಾರ ಅಡವಿಟ್ಟವರಿಗೆ. ಮತ್ತು ಪ್ರತಿ ಅಮಾವಾಸ್ಯೆಯ ಸಂಜೆ ನೋಟ್‌ಬುಕ್ಕನ್ನು ಎಲ್ಲರೆದುರು ಗಟ್ಟಿಯಾಗಿ ಓದಬೇಕು, ಯಾರಿಗೆ ಎಷ್ಟು ಹೋಯಿತು, ಎಷ್ಟು ಬಂತು ಎಂದು. ಓದುವುದಕ್ಕೆ ಕೆಲವು ಮನೆಯವರು ಮೊದಲು ನಾಚಿದರು. ಅದಕ್ಕೆ ಹಣದ ಲೆಕ್ಕವನ್ನು ಮಾತ್ರ ಓದಿ, ಮನೆಯ ಒಳಗಿನ ವಿಷಯವಿದ್ದ ಎಡ ಪುಟವನ್ನು ಓದದೆ ಬಿಟ್ಟರು. ಅಳತೆ ಬೇರೆ ಬೇರೆ ಇದ್ದರೂ ಲೆಕ್ಕ ಎಲ್ಲರ ಕಿವಿಗೆ ಬೀಳುತ್ತಿದ್ದರೆ ಕೇರಿ ತಡೆದುಕೊಳ್ಳುತ್ತದೆ ಎಂಬುದಕ್ಕೆ ಆ ಆರು ತಿಂಗಳೇ ಸಾಕ್ಷಿ. 2021ರ ಮೇ ಕೊನೆಗೆ ನಿಧಿಯ ಮುಕ್ಕಾಲು ಪಾಲು ಮರಳಿತ್ತು, ಮೂರು ಮನೆಯ ಬಂಗಾರ ಬಿಡಿಸಿಯಾಗಿತ್ತು.

ಕಾಗದದ ಮೂರು ಮನೆ

ಮನೆ 7ರ ಜಾಗ ಇನ್ನೂ ಅಜ್ಜನ ಹೆಸರಿನಲ್ಲಿತ್ತು. ಅಜ್ಜ ತೀರಿ ದಶಕಗಳಾಗಿದ್ದವು, ಮರಣ ನೋಂದಣಿಯೇ ಆಗಿರಲಿಲ್ಲ. ವರ್ಷ ದಾಟಿದ ಮರಣವನ್ನು ನೋಂದಾಯಿಸಲು ಆಗಿನ ನಿಯಮದಂತೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಆದೇಶ ಬೇಕು. ಅದರ ಮೇಲೆ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಆಮೇಲೆ ಪೌತಿ ಖಾತೆ, ಅಂದರೆ ತೀರಿದವರ ಜಾಗವನ್ನು ವಾರಸುದಾರರ ಹೆಸರಿಗೆ ಮಾಡುವುದು. ಈ ಸರಪಳಿಯಲ್ಲಿ ಒಂದನ್ನು ಬಿಟ್ಟು ಇನ್ನೊಂದಕ್ಕೆ ಅರ್ಜಿ ಹಾಕಿದರೆ ವಾಪಸು ಬರುತ್ತದೆ. ಮನೆಯವರು ಎರಡು ಸಲ ನೇರ ಪೌತಿಗೆ ಹಾಕಿ ಎಂಟು ತಿಂಗಳು ಕಳೆದುಕೊಂಡಿದ್ದರು.

ಇದರೊಳಗೆ ಇನ್ನೊಂದು ಗಂಟಿತ್ತು. ಹೊನ್ನಾವರ ಕಡೆ ಕೊಟ್ಟಿದ್ದ ಅತ್ತೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಒಪ್ಪಲಿಲ್ಲ. ಎಲ್ಲರೂ ಅವರನ್ನು ಹಟಮಾರಿ ಎಂದರು. ಅಕ್ಕೋರು ಆ ಪತ್ರವನ್ನು ಓದಿ ನೋಡಿದರೆ, ಟೈಪಿಂಗ್ ಅಂಗಡಿಯ ಹಳೆಯ ನಮೂನೆಯಲ್ಲಿ 'ನನ್ನ ಹಕ್ಕನ್ನು ಬಿಟ್ಟುಕೊಟ್ಟಿದ್ದೇನೆ' ಎಂದಿತ್ತು. ಮನೆ ಕಟ್ಟಲು ಬೇಕಿದ್ದದ್ದು ಹಕ್ಕು ಬಿಡುವ ಪತ್ರವಲ್ಲ, ತಕರಾರಿಲ್ಲ ಎಂಬ ಪತ್ರ. 'ಜಮೀನಿನಲ್ಲಿ ನನ್ನ ಪಾಲು ಹಾಗೆಯೇ ಉಳಿದು, ಈ ಜಾಗದಲ್ಲಿ ಮನೆ ಕಟ್ಟಲು ನನ್ನ ತಕರಾರಿಲ್ಲ' ಎಂದು ಬರೆಸಿಕೊಂಡು ಹೋದಾಗ ಅತ್ತೆ ಅದೇ ದಿನ ಸಹಿ ಮಾಡಿದರು. ಆಕೆಯ ಹಟ ನ್ಯಾಯವಾಗಿಯೇ ಇತ್ತು.

ಇನ್ನೆರಡು ಮನೆಗಳದ್ದು ಸಣ್ಣ ಕತೆ. ಒಂದರಲ್ಲಿ ಎರಡು ವರ್ಷ ವ್ಯವಹಾರವಿಲ್ಲದೆ ಬ್ಯಾಂಕ್ ಖಾತೆ ನಿಷ್ಕ್ರಿಯವಾಗಿತ್ತು. ಇನ್ನೊಂದರಲ್ಲಿ ಒಂದೇ ಮನೆ ನಂಬರಿನಡಿ ಅಣ್ಣ ತಮ್ಮಂದಿರ ಎರಡು ಒಲೆ ಇದ್ದವು, ಪರಿಹಾರ ಒಂದೇ. ಅವರು ನಡುಗೋಡೆ ಹಾಕಿ ಒಂದೇ ಮಾಡಿನ ಕೆಳಗೆ ಹಂಚಿಕೊಂಡರು.

ಕಾಗದದ ಕೆಲಸವನ್ನು ಮಳೆಗಾಲಕ್ಕೆ, ಕಲ್ಲಿನ ಕೆಲಸವನ್ನು ನವೆಂಬರಿನಿಂದ ಮೇವರೆಗೆ ಇಟ್ಟುಕೊಂಡಿದ್ದರೆ ಮೊದಲ ವರ್ಷವೇ ಅರ್ಧ ದಾರಿ ಸಾಗುತ್ತಿತ್ತು. ಡಿಸೆಂಬರಿಗೆ ತಳಪಾಯ, ಫೆಬ್ರವರಿಗೆ ಲಿಂಟಲ್, ಮೇ ನಡುವಿಗೆ ಹೆಂಚು. ಇದರಲ್ಲಿ ಒಂದು ತಪ್ಪಿದರೂ ಒಂದು ಮಳೆಗಾಲ ಸೇರಿಕೊಳ್ಳುತ್ತದೆ. ಗವಂಡಿಗಳು ಗೋವೆಗೆ ಹೊರಡುವುದೂ ಮಳೆ ಬಿಟ್ಟ ಮೇಲೆಯೇ. ಹಾಗಾಗಿ ಅಕ್ಟೋಬರಿನಲ್ಲೇ ಮಾತು ಕೊಟ್ಟು ಮುಂಗಡ ಹಿಡಿಸಬೇಕು.

ಆಮೇಲೆ ಬಿದ್ದ ಎರಡು ಮನೆ

'ಸಿ' ವರ್ಗದಲ್ಲಿ 50 ಸಾವಿರ ಪಡೆದ ಎರಡು ಮನೆಗಳ ಗೋಡೆ 2020ರ ಮಳೆಯಲ್ಲಿ ಬಿತ್ತು. ಒಳಗೇ ಕರಗಿದ್ದ ಬುಡ ಒಣಗುವಾಗ ಸೀಳಿ, ಮರುವರ್ಷದ ಮಳೆಗೆ ಶರಣಾಯಿತು. ಹಳೆಯ ಹಾನಿಯ ವರ್ಗ ಬದಲಿಸುವ ಅವಧಿ ಮುಗಿದಿತ್ತು. ಒಂದು ಮನೆಯವರು ಬಿದ್ದ ಎರಡನೇ ದಿನವೇ ಗ್ರಾಮ ಲೆಕ್ಕಾಧಿಕಾರಿಗೆ ಲಿಖಿತ ಕೊಟ್ಟು, ಕಲ್ಲು ಮಣ್ಣು ಮುಟ್ಟದೆ ಪಂಚನಾಮೆಗೆ ಕಾದರು. ಅವರದು ಆ ವರ್ಷದ ಮಳೆಹಾನಿ ಎಂದು ಹೊಸದಾಗಿ ದಾಖಲಾಯಿತು. ಇನ್ನೊಂದು ಮನೆಯವರು ದಾರಿಗೆ ಅಡ್ಡವೆಂದು ಅದೇ ಸಂಜೆ ಎಲ್ಲ ಎತ್ತಿ ಚೊಕ್ಕ ಮಾಡಿದ್ದರು. ನೋಡಲು ಏನೂ ಉಳಿದಿರಲಿಲ್ಲ, ಫೋಟೋವೂ ಇರಲಿಲ್ಲ. ಅವರ ಮನೆಯನ್ನು ಪೂರ್ತಿ ಕೇರಿಯೇ ಕಟ್ಟಬೇಕಾಯಿತು. ಅದು ಒಂದು ಕೋಣೆ, ಒಂದು ಅಡುಗೆಮನೆಯಷ್ಟಕ್ಕೇ ನಿಂತಿತು.

ಸರ್ಕಾರಿ ಜಾಗದ ಮನೆ ಈ ಎರಡು ವರ್ಷದಲ್ಲಿ ಬಗೆಹರಿಯಲಿಲ್ಲ. ಆ ಸಂಸಾರ ಬಾಡಿಗೆಯಲ್ಲಿದೆ, ನಿವೇಶನದ ಅರ್ಜಿ ಬಾಕಿ ಇದೆ.

2021ರ ಜುಲೈ

ಜುಲೈ 23ರಂದು ಗಂಗಾವಳಿ ಮತ್ತೆ ಏರಿತು. ಮೇಲೆ ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು, ಅರಬೈಲ್ ಘಟ್ಟದ ರಸ್ತೆ ಕುಸಿಯಿತು. ಮಾರನೇ ದಿನ ಗುರುಪೂರ್ಣಿಮೆ, ಹುಣ್ಣಿಮೆಯ ದೊಡ್ಡ ಉಬ್ಬರ. ನೀರು ಹೊಳೆ ಪಕ್ಕದ ಸಾಲಿನಲ್ಲಿ ಮೂರು ಅಡಿಯ ತಳಪಾಯ ದಾಟಿ ಒಳಗೆ ಒಂದಡಿ ನಿಂತಿತು.

ಲಿಂಟಲ್ ದಾಟಿದ್ದ ಒಂದು ಮನೆಯೂ ಬೀಳಲಿಲ್ಲ. ಸಿಮೆಂಟು ಗಾರೆಯ ಗೋಡೆ, ನಾಲ್ಕು 10 ಎಂಎಂ ಸರಳಿನ ಲಿಂಟಲ್ ಪಟ್ಟಿ ಎಲ್ಲೂ ತುಂಡಾಗದೆ ಸುತ್ತಲೂ ಸಾಗಿದ್ದು, ಐದಡಿ ಎತ್ತರದ ಸ್ವಿಚ್ಚುಗಳು, ಅಕ್ಕಿ ಮತ್ತು ಕಾಗದಕ್ಕೆ ಅಟ್ಟ. ಇವಿಷ್ಟು ಕೆಲಸಕ್ಕೆ ಬಂದವು. ನಾಲ್ಕನೇ ದಿನ ಜನ ಮರಳಿ ಒಲೆ ಹಚ್ಚಿದರು. ಬಿದ್ದದ್ದು ಒಂದೇ ಗೋಡೆ, ಮನೆ 9ರ ಅಡುಗೆಮನೆಯ ಹಿಂಗೋಡೆ. ಮುಂಭಾಗಕ್ಕೆ ಸಿಮೆಂಟು ಉಳಿಸಲೆಂದು ಹಿಂದಿನದನ್ನು ಮಣ್ಣಿನಲ್ಲೇ ಕಟ್ಟಿದ್ದರು, ಪಟ್ಟಿಯನ್ನೂ ಅಲ್ಲಿ ಬಿಟ್ಟಿದ್ದರು. ಹಣ ಕಡಿಮೆಯಿದ್ದರೆ ಗಿಲಾಯಿ ಬಿಡಬಹುದು, ಬಣ್ಣ ಬಿಡಬಹುದು, ನೆಲದ ಹಾಸು ಬಿಡಬಹುದು. ಪಟ್ಟಿ ಬಿಡಬಾರದು.

ನಾಲ್ಕೂವರೆ ಅಡಿ ಬಿಡದ ಮನೆಯೊಳಗೆ ನೀರು ಬರಲಿಲ್ಲ ನಿಜ. ಆದರೆ ಆಗಲೇ ಕೂತಿದ್ದ ನೆಲ ತಳದ ತೇವಕ್ಕೆ ಇನ್ನಷ್ಟು ಕೂತಿತು. ಸುತ್ತು ನಿಧಿಯಲ್ಲಿ ಉಳಿದಿದ್ದ ಹಣ ಆ ತಿಂಗಳು ಊಟ, ಬಾವಿಯ ನೀರು ತೆಗೆಯುವ ಪಂಪು, ಬ್ಲೀಚಿಂಗ್ ಪುಡಿಗೆ ಹೋಯಿತು. ಬಂಗಾರ ಬಿಡಿಸಬೇಕಿದ್ದ ಉಳಿದ ಇಬ್ಬರಿಗೆ ಕೊಟ್ಟ ಮಾತು ಮುಂದಿನ ವರ್ಷಕ್ಕೆ ಸರಿಯಿತು. ಅವರು ಅಮಾವಾಸ್ಯೆಯ ಓದಿಗೆ ಬರುವುದನ್ನು ನಿಲ್ಲಿಸಲಿಲ್ಲ.

ಮನೆ 11

ಒಂಟಿ ಹೆಂಗಸು, ಮಗ ಗೋವೆಯಲ್ಲಿ. ಎ ವರ್ಗ, ಮೊದಲ 1 ಲಕ್ಷ ಬಂದಿತ್ತು, ಕೆಲಸ ಸುರುವೇ ಆಗಿರಲಿಲ್ಲ. ನೋಟ್‌ಬುಕ್ಕಿನ ಬಲ ಪುಟದಲ್ಲಿ ಸಮಿತಿ 'ತಳಪಾಯ' ಎಂದು ಬರೆದು, ಮುರಿಯಾಳು ಕೂಡಿಸಿ, ಎರಡು ವಾರದಲ್ಲಿ ಕಟ್ಟಿಯೂ ಮುಗಿಸಿತು. ಅಷ್ಟೂ ದಿನ ಅಜ್ಜಿ ಎಲ್ಲರಿಗೂ ಚಹಾ ಮಾಡಿ ಕೊಟ್ಟರು, ಬೇಡ ಎನ್ನಲಿಲ್ಲ. ಎರಡನೇ ಕಂತಿಗೆ ಸಹಿ ಮಾಡುವ ದಿನ ಅಕ್ಕೋರ ಕೈ ಹಿಡಿದು ಹೇಳಿದರು: "ತಂಗಿ, ಆ ರಾತ್ರಿ ನೀರು ಬಂದ ಜಾಗದಲ್ಲಿ ನಾನು ಮತ್ತೆ ಮಲಗೂದಿಲ್ಲ." ಗುಡ್ಡದ ಬದಿಯಲ್ಲಿ ಅಕ್ಕನ ಮಗಳ ಮನೆಯಲ್ಲಿ ಅವರು ನೆಮ್ಮದಿಯಾಗಿದ್ದರು, ಅಲ್ಲೇ ಒಂದು ಕೋಣೆ ಹಾಕಿಕೊಳ್ಳುವ ಆಸೆ ಮೊದಲ ದಿನದಿಂದ ಇತ್ತು. ಯಾರೂ ಕೇಳಿರಲಿಲ್ಲ. ಕೆಲಸ ನಿಂತ ದಿನವನ್ನು ಹುಡುಕುತ್ತಿದ್ದವರಿಗೆ, ಕೆಲಸ ಸುರು ಮಾಡದಿರುವುದೂ ಒಂದು ತೀರ್ಮಾನ ಎಂದು ಹೊಳೆಯಲಿಲ್ಲ.

ಆಮೇಲೆ ಪ್ರತಿ ಮನೆಯ ಪುಟದ ಮೇಲ್ತುದಿಗೆ ಒಂದು ಸಾಲು ಸೇರಿತು: 'ಇಲ್ಲೇ ಇರುವ ಮನಸ್ಸಿದೆಯೇ? ಮನೆಯಲ್ಲಿ ಯಾರ ಯಾರನ್ನು ಕೇಳಲಾಯಿತು?' ಅಜ್ಜಿಯ ಮಂಜೂರಾತಿಯನ್ನು ಬೇರೆ ಜಾಗಕ್ಕೆ ವರ್ಗಾಯಿಸಲು ಕೊಟ್ಟ ಅರ್ಜಿ, ಖರ್ಚಾದ ಮೊದಲ ಕಂತಿನ ಪ್ರಶ್ನೆಯಿಂದಾಗಿ ಈ ಬರಹದ ಹೊತ್ತಿಗೂ ತೀರ್ಮಾನವಾಗಿಲ್ಲ. ಮೂರಡಿಯ ಆ ತಳಪಾಯ ಖಾಲಿ ನಿಂತಿದೆ. ಬೇಸಿಗೆಯಲ್ಲಿ ಅಜ್ಜಿ ಅದರ ಮೇಲೆ ಮುರುಗಲು ಸಿಪ್ಪೆ ಒಣಗಿಸಿ, ಸಂಜೆ ಎತ್ತಿಕೊಂಡು ಗುಡ್ಡದ ಮನೆಗೆ ಹೋಗುತ್ತಾರೆ.